ಬೇಡವೆಂದು ತೆಗೆದ ಮೂರನೆಯ ಸಾಲು

ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತು ಎಷ್ಟು ಹೊತ್ತಾಗಿತ್ತೋ, ನೀರು ತಣ್ಣಗಿದೆ ಎಂಬುದು ಅವನಿಗೆ ಆಗಷ್ಟೇ ತಿಳಿಯಿತು. ಹೇಳಿಬಿಟ್ಟಿದ್ದ. ಹತ್ತು ನಿಮಿಷದ ಹಿಂದೆ ಡಿಸೈನ್ ಕೋಣೆಗೆ ಹೋಗಿ, ತನ್ನ ಮಗಳ ವಯಸ್ಸಿನ ಡಿಸೈನರ್ ಮುಂದೆ ಕಾಗದ ಹಿಡಿದು, "ನೋಡಮ್ಮ, ಈ ಚಿಪ್ ನನಗೆ ಯಾವತ್ತೂ ಅರ್ಥ ಆಗಿಲ್ಲ, ಸುಮ್ನೆ ತಲೆ ಆಡಿಸ್ಕೊಂಡು ಬಂದೆ. ಆದ್ರೆ ನಾನು ಬರ್ಕೊಟ್ಟಿದ್ದು ಮೂರು ಸಾಲು, ಇದರಲ್ಲಿ ಇರೋದು ಎರಡೇ" ಎಂದುಬಿಟ್ಟಿದ್ದ. ಆಕಾಶವೇನೂ ಕಳಚಿ ಬೀಳಲಿಲ್ಲ. ಆಕೆ ನಗಲೂ ಇಲ್ಲ. ಕಾಗದ ಇಸಿದುಕೊಂಡು, ಕನ್ನಡಕ ಮೇಲೇರಿಸಿ, "ಒಂದು ನಿಮಿಷ ಸಾರ್" ಎಂದಳು. ಆ ಒಂದು ನಿಮಿಷ ಮುಗಿಯುವ ಲಕ್ಷಣ ಕಾಣದೆ ಅವನು ಕೈ ತೊಳೆಯುವ ನೆಪದಲ್ಲಿ ಇಲ್ಲಿಗೆ ಓಡಿಬಂದಿದ್ದ. ಕನ್ನಡಿಯಲ್ಲಿ ಐವತ್ತಮೂರು ವರ್ಷದ ಮುಖ. ನಾಚಿಕೆಯಿಂದ ಕುಗ್ಗಿದ ಮುಖವನ್ನು ಕಾಣುತ್ತೇನೆಂದು ನೋಡಿದರೆ ಅಲ್ಲಿ ಹೊಟ್ಟೆತುಂಬ ಉಂಡು ಎದ್ದವನ ಮುಖವಿತ್ತು. ಇಷ್ಟು ಸಮಾಧಾನಪಡುವುದಕ್ಕೆ ತನಗೇನು ಹಕ್ಕಿದೆ ಎಂದು ಅವನಿಗೆ ಸಿಟ್ಟೇ ಬಂತು. ಕೆಲಸದಿಂದ ತೆಗೆಯುವ ಪತ್ರ ಇನ್ನೂ ಮ್ಯಾನೇಜರ್ ಮೇಜಿನ ಮೇಲಿತ್ತು. ನಾಲ್ಕು ಗಂಟೆಗೆ ಅದನ್ನು ನಾದಿನಿಯ ಕೈಗೆ ಕೊಡುವವರಿದ್ದರು.

ನಾದಿನಿಯೆಂದರೆ ಹೆಂಡತಿಯ ತಂಗಿ. ನಾಲ್ಕು ವರ್ಷದಿಂದ ಅವರ ಮನೆಯಲ್ಲೇ ಇದ್ದಾಳೆ, ಮೂರು ವರ್ಷದಿಂದ ಇದೇ ಕಾರ್ಖಾನೆಯಲ್ಲಿ ರಟ್ಟು ಕತ್ತರಿಸುವ ಪ್ರೆಸ್ಸಿನ ಮುಂದೆ ನಿಲ್ಲುತ್ತಾಳೆ. ಕೆಲಸ ಕೊಡಿಸಿದವನೂ ಅವನೇ. ಪ್ರೆಸ್ಸಿಗೆ ಎಡಕ್ಕೊಂದು ಬಲಕ್ಕೊಂದು, ಅಂಗೈಯಗಲದ ಎರಡು ಗುಂಡಿಗಳು. ಎರಡನ್ನೂ ಒತ್ತಿ ಹಿಡಿದರಷ್ಟೇ ಅಚ್ಚು ಇಳಿಯುತ್ತದೆ, ಇಳಿಯುವಾಗ ಒಂದು ಕೈ ಎತ್ತಿದರೂ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಮುಂದೆ ಒಂದು ಬಾಗಿಲೂ ಇದೆ, ಅಚ್ಚು ಏರುವಾಗ ಅದು ಮುಚ್ಚಿರಬೇಕು. ಬೆರಳು ಉಳಿಯಲಿ ಎಂದು ಮಾಡಿದ ಏರ್ಪಾಟು ಅದು. ಮೊದಲು ಈ ಲೆಕ್ಕವನ್ನೆಲ್ಲ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೂತ ರಿಲೇಗಳು, ಕರೆಂಟು ಬಂದರೆ ತಾವೇ ಮುಚ್ಚಿಕೊಳ್ಳುವ ಸ್ವಿಚ್ಚುಗಳು, ಟಕಟಕ ಸದ್ದು ಮಾಡುತ್ತ ನೋಡಿಕೊಳ್ಳುತ್ತಿದ್ದವು, ಆ ಪೆಟ್ಟಿಗೆಗೆ ತಂತಿ ಎಳೆದವನು ಅವನು. ಎರಡು ತಿಂಗಳ ಹಿಂದೆ ಪೆಟ್ಟಿಗೆ ಗುಜರಿಗೆ ಹೋಯಿತು. ಅದರ ಜಾಗದಲ್ಲಿ ಒಂದು ಹಸಿರು ಬೋರ್ಡು, ಬೋರ್ಡಿನ ನಡುವೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ, ನಾಲ್ಕೂ ಮಗ್ಗುಲಿಗೆ ಸಣ್ಣ ಕಾಲುಗಳಿರುವ ಕಪ್ಪು ಚಿಪ್. ಸಿಪಿಎಲ್‌ಡಿ ಎಂದು ಅದರ ಹೆಸರು. ಖಾಲಿ ಚಿಪ್ ತಂದು, ಯಾವುದು ಯಾವಾಗ ಓಡಬೇಕೆಂದು ಕಂಪ್ಯೂಟರಿನಲ್ಲಿ ಬರೆದು ಅದರೊಳಗೆ ಇಳಿಸಿದರೆ ಆಯಿತು, ಮರೆಯುವುದಿಲ್ಲವಂತೆ. ಸದ್ದಿಲ್ಲ, ಕಿಡಿಯಿಲ್ಲ, ಒಳಗೇನು ನಡೆಯುತ್ತಿದೆಯೆಂದು ಕಿವಿಗೊಟ್ಟು ಕೇಳುವಂತೆಯೂ ಇಲ್ಲ. ಆದರೆ ಯಂತ್ರ ಯಾಕೆ ನಿಂತಿತೆಂದು ಪರದೆಯ ಮೇಲೆ ಬರೆದಿಡುತ್ತದೆ. ಆರು ವಾರಗಳಲ್ಲಿ ಹದಿನೇಳು ಸಲ ಬರೆದಿಟ್ಟಿತ್ತು: ಕೈ ಎತ್ತಲಾಗಿದೆ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಇಟ್ಟ ಮೇಲೂ ಕೈ ತೆಗೆಯಲಿಲ್ಲ. ಬೆರಳುಗಳನ್ನೇ ನೋಡುತ್ತ ನಿಂತಳು. "ಅದೇನೇ, ಹಾವು ಹಿಡಿದೋರ ಹಾಗೆ ಹಿಡ್ಕೊಂಡಿದೀಯ?" ಎಂದಳು ಅವನ ಹೆಂಡತಿ. "ಗೊತ್ತಿಲ್ದೇನೇ ಏಳುತ್ತೆ ಅಂತಾರಲ್ಲ ಅಕ್ಕ, ಅದಕ್ಕೆ ನೋಡ್ಕೊಂಡೇ ಬಿಡ್ತೀನಿ" ಎಂದಳು ನಾದಿನಿ, ಬೇರೆ ಯಾರದೋ ಕೈಯ ವಿಷಯ ಹೇಳುವಂತೆ. ಮೊದಮೊದಲು ಅವಳು ಜಗಳವಾಡಿದ್ದಳು. ಎತ್ತಿಲ್ಲ ಅಂದ್ರೆ ಎತ್ತಿಲ್ಲ, ಆಣೆ ಮಾಡ್ಲಾ, ಎಂದಿದ್ದಳು. ಆಗ ಊಟಕ್ಕೆ ಕೂತಿದ್ದ ಅವನೇ ತಟ್ಟೆಯಿಂದ ತಲೆಯೆತ್ತದೆ, "ಯಂತ್ರ ಸುಳ್ಳು ಹೇಳುತ್ತೇನಮ್ಮ, ಸ್ವಲ್ಪ ಗಮನ ಇಟ್ಟು ಮಾಡು" ಎಂದಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಎರಡನೆಯ ವಾರದ ಹೊತ್ತಿಗೆ ತನ್ನ ಕೈಯನ್ನೇ ಸಂಶಯದಿಂದ ನೋಡತೊಡಗಿದಳು, ನಾಲ್ಕನೆಯ ವಾರ ಡಾಕ್ಟರ ಹತ್ತಿರ ಹೋಗಿಬಂದಳು. ಅವರು ಕಣ್ಣು ಮುಚ್ಚಿಸಿ, ಕೈ ಚಾಚಿಸಿ, ಬೆರಳಿನಿಂದ ಮೂಗು ಮುಟ್ಟಿಸಿ, ಏನೂ ಇಲ್ಲ ಎಂದು ಕಳಿಸಿದರು. ಏನೂ ಇಲ್ಲ ಎಂದದ್ದೇ ಅವಳನ್ನು ಇನ್ನಷ್ಟು ಹೆದರಿಸಿತು, ರೋಗವಾದರೆ ಔಷಧವಾದರೂ ಇರುತ್ತದೆ. ಪಕ್ಕದ ಮನೆಯ ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಹಾಲಿನ ಲೋಟದ ಎದುರು ಕೂತ ಅವನು ಇವತ್ತು ತಟ್ಟೆ ಸರಿಸಿ ಎದ್ದುಬಿಟ್ಟ.

ಏಕೆಂದರೆ ಅವನು ನೋಡಿದ್ದ. ಆರು ವಾರದ ಹಿಂದೆಯೇ ನೋಡಿದ್ದ. ಚಿಪ್ಪಿನೊಳಗೆ ಕೊನೆಗೆ ಏನು ಇಳಿಯಿತೆಂದು ತೋರಿಸುವ ವರದಿ, ಹನ್ನೊಂದು ಹಾಳೆ, ಅವನ ಮೇಜಿಗೆ ಬಂದಿತ್ತು. 'ಪರಿಶೀಲಿಸಿದವರು' ಎಂಬಲ್ಲಿ ಅವನ ಸಹಿ ಬೇಕಿತ್ತು. ಇರುವೆ ಹರಿದಂತಿದ್ದ ಆ ಸಮೀಕರಣಗಳಲ್ಲಿ ಅವನಿಗೆ ಒಂದೂ ತಿಳಿಯಲಿಲ್ಲ, ಆದರೆ ಎಣಿಸಲು ಬರುತ್ತಿತ್ತು. ಯಂತ್ರ ಓಡಲು ಅಪ್ಪಣೆ ಕೊಡುವ ಜಾಗದಲ್ಲಿ, ಹಳೆಯ ಪೆಟ್ಟಿಗೆಯ ತಂತಿ ನೋಡಿ ಅವನು ಬರೆದುಕೊಟ್ಟ ಮೂರು ಸಾಲು ಇರಬೇಕಿತ್ತು. ಎರಡಿದ್ದವು. ಪೆನ್ನಿನ ಮುಚ್ಚಳ ತೆಗೆದು ಹಾಗೇ ಕೂತ. ಹೋಗಿ ಕೇಳಲೇ ಎಂದುಕೊಂಡ. ಆಗ ಹಿಂದಿನ ವರ್ಷದ ತರಬೇತಿ ಕೋಣೆ ನೆನಪಾಯಿತು. ಗೋಡೆಯ ಮೇಲೆ ಚಿತ್ರ ಬಿಟ್ಟು, ಕಡ್ಡಿ ಹಿಡಿದು, ಇದು ಮ್ಯಾಕ್ರೋಸೆಲ್ಲು, ಇಂಥವು ಅರವತ್ತನಾಲ್ಕು, ನಡುವೆ ಇದು ಜೋಡಣೆಯ ಜಾಲ ಎಂದು ಒಬ್ಬ ಮಾಸ್ತರು ಉಸಿರು ಬಿಡದೆ ಹೇಳುತ್ತ ಹೋದ. ಏನಾದರೂ ಕೇಳುವುದಿದೆಯೇ ಎಂದಾಗ ಇವನು ಎದ್ದು ನಿಂತು, "ಇದರಲ್ಲಿ ಕಾಂಟ್ಯಾಕ್ಟು ಎಲ್ಲಿದೆ ಸಾರ್?" ಎಂದಿದ್ದ. ರಿಲೇಯೊಳಗೆ ಒಂದಕ್ಕೊಂದು ತಾಗಿ ಕರೆಂಟು ಹರಿಸುವ ಲೋಹದ ತುಣುಕು ಅದು. ಕೋಣೆಗೆ ಕೋಣೆಯೇ ನಕ್ಕಿತು. ಮಾಸ್ತರು ನಗಲಿಲ್ಲ, ಕರುಣೆಯಿಂದ ನೋಡಿದ, ಅದು ನಗುವಿಗಿಂತ ಆಳಕ್ಕೆ ಇಳಿಯಿತು. ಅವತ್ತಿನಿಂದ ಕಾರ್ಖಾನೆಯಲ್ಲಿ ಅವನ ಹೆಸರು ಕಾಂಟ್ಯಾಕ್ಟು. ಅವತ್ತಿನಿಂದ ಯಾರೇನು ಹೇಳಿದರೂ ಕೋಲೆಬಸವನಂತೆ ತಲೆಯಾಡಿಸುವುದನ್ನು ಕಲಿತ. ಎರಡೇ ಸಾಲು ಯಾಕಿದೆಯೋ, ಕಂಪ್ಯೂಟರಿಗೆ ಗೊತ್ತಿರುವುದು ನನಗೇನು ಗೊತ್ತು ಎಂದುಕೊಂಡು ಸಹಿ ಹಾಕಿದ. ಮೊದಲ ಸಲ 'ಕೈ ಎತ್ತಲಾಗಿದೆ' ಎಂದು ಬಂದ ದಿನ ಅವನಿಗೆ ಆ ಎರಡೇ ಸಾಲು ನೆನಪಾಗಿದ್ದವು. ಆ ರಾತ್ರಿ ತಟ್ಟೆಯಿಂದ ತಲೆಯೆತ್ತದೆ ಮಾತಾಡಿದ್ದು ಅದಕ್ಕೇ.

"ಸಾರ್, ಇಲ್ಲಿದೀರಾ?" ಡಿಸೈನರ್ ಬಾಗಿಲ ಹೊರಗಿನಿಂದ ಕೂಗಿದಳು. ಅವನು ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ಬಂದ. ಆಕೆಯ ಮುಖ ಬಿಳಿಚಿತ್ತು. ಕೋಣೆಗೆ ಕರೆದೊಯ್ದು ಕುರ್ಚಿ ಎಳೆದಳು. "ಮೂರು ಸಾಲೂ ಬರ್ದಿದೀನಿ ಸಾರ್, ನೋಡಿ. ಆದ್ರೆ ನಾವು ಬರೆದದ್ದನ್ನ ಚಿಪ್ಪಿಗೆ ಹೊಂದಿಸೋ ಸಾಫ್ಟ್‌ವೇರ್ ಇದೆಯಲ್ಲ, ಅದು ಮೂರನೇದನ್ನ ತೆಗೆದುಹಾಕಿದೆ. ಬೇಡ ಅಂತ." ಆ ಸಾಫ್ಟ್‌ವೇರಿನ ಹೆಸರೇನೆಂದು ಅವನು ಕೇಳಿದ. ಫಿಟ್ಟರ್ ಎಂದಳು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಈ ಗೇಟಿನೊಳಗೆ ಫಿಟ್ಟರ್ ಎಂದೇ ಸೇರಿದ್ದವನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಬೇಡ ಅಂತ ಅದಕ್ಕೆ ಯಾರಮ್ಮ ಹೇಳಿದ್ದು?"

ಆಕೆ ಕಾಗದದ ಹಿಂಬದಿಯಲ್ಲಿ ಬರೆದಳು. ಒಂದು: ಅಚ್ಚು ಇಳಿಯುತ್ತಿದೆ, ಕೈ ಎರಡೂ ಗುಂಡಿಯ ಮೇಲಿವೆ, ಓಡು. ಎರಡು: ಅಚ್ಚು ಏರುತ್ತಿದೆ, ಮುಂದಿನ ಬಾಗಿಲು ಮುಚ್ಚಿದೆ, ಓಡು. ಮೂರು: ಕೈ ಎರಡೂ ಗುಂಡಿಯ ಮೇಲಿವೆ, ಬಾಗಿಲೂ ಮುಚ್ಚಿದೆ, ಓಡು. "ಅಚ್ಚು ಒಂದೋ ಇಳೀತಿರುತ್ತೆ, ಇಲ್ಲಾ ಏರ್ತಿರುತ್ತೆ ಅಲ್ವಾ ಸಾರ್? ಇಳಿಯುವಾಗ ಒಂದನೇದು ನೋಡ್ಕೊಳ್ಳುತ್ತೆ, ಏರುವಾಗ ಎರಡನೇದು. ಲೆಕ್ಕದ ಪ್ರಕಾರ ಮೂರನೇದಕ್ಕೆ ಕೆಲಸವೇ ಇಲ್ಲ." ಅವನು ಕಾಗದವನ್ನೇ ನೋಡಿದ. ಮೂರನೆಯ ಸಾಲಿಗೆ ಯಾಕೆ ಕೆಲಸವಿದೆ ಎಂದು ಅವನ ಬೆರಳುಗಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಹಳೆಯ ಪೆಟ್ಟಿಗೆಗೆ ತಂತಿ ಎಳೆದ ಮೊದಲ ವಾರ ಯಂತ್ರ ಹೀಗೇ ನಡುನಡುವೆ ನಿಲ್ಲುತ್ತಿತ್ತು. ಅವನ ಗುರು, ಬೀಡಿ ಸೇದಿ ತುಟಿ ಕಪ್ಪಾಗಿದ್ದ ಹಳೆಯ ಫಿಟ್ಟರ್, ಬಾಗಿ ನೋಡಿ, ಕೂಸನ್ನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡೋದು ಹೆಂಗೋ, ತಗೊಳ್ಳೋರು ಹಿಡಿದ ಮೇಲೆ ತಾನೇ ಕೊಡೋರು ಬಿಡೋದು, ಎಂದು ಇನ್ನೊಂದು ತಂತಿ ಎಳೆಸಿದ್ದ. ಅದನ್ನೇ ಅವನು ಈಗ ಆಕೆಗೆ ಹೇಳಿದ. "ಇಳಿಯೋದು ಮುಗಿದು ಏರೋದು ಶುರುವಾಗೋ ಕ್ಷಣ ಇರುತ್ತಲ್ಲಮ್ಮ. ಒಂದನೇದು ಬಿಟ್ಟಾಗಿದೆ, ಎರಡನೇದು ಇನ್ನೂ ಹಿಡಿದಿಲ್ಲ. ಆಗ ಹಿಡ್ಕೊಳ್ಳೋರು ಯಾರು?"

ಡಿಸೈನರ್ ಮೂರನೆಯ ಸಾಲಿನ ಕೆಳಗೆ ಗೆರೆ ಎಳೆದಳು. ಆಮೇಲೆ, "ನಿಮಗೆ ಚಿಪ್ ಅರ್ಥ ಆಗಿಲ್ಲ ಅಂದ್ರಲ್ಲ ಸಾರ್, ಅದು ಹೇಗೆ?" ಎಂದಳು. ಗೇಲಿ ಮಾಡುತ್ತಿದ್ದಾಳೆಂದೇ ಅವನು ಮೊದಲು ಅಂದುಕೊಂಡ. ಆಕೆ ಇನ್ನೊಂದು ಹಾಳೆ ತೆಗೆದು, ತರಬೇತಿಯಲ್ಲಿ ತೋರಿಸಿದ್ದ ಅದೇ ಚಿತ್ರವನ್ನು ಬರೆಯತೊಡಗಿದಳು, ಆದರೆ ಅವನ ಭಾಷೆಯಲ್ಲಿ. ಒಂದರ ಹಿಂದೊಂದು ಕಾಂಟ್ಯಾಕ್ಟು ಪೋಣಿಸಿದರೆ ಎಲ್ಲವೂ ಮುಚ್ಚಿದಾಗ ಮಾತ್ರ ಕರೆಂಟು ಹರಿಯುತ್ತದೆ, ಅದು ಒಂದು ಸಾಲು. ಸಾಲುಗಳನ್ನು ಅಕ್ಕಪಕ್ಕ ಕಟ್ಟಿದರೆ ಯಾವುದು ಹರಿದರೂ ಸಾಕು. ಕೊನೆಯಲ್ಲಿ ಒಂದು ಸಲ ಎತ್ತಿದರೆ ತನ್ನನ್ನು ತಾನೇ ಹಿಡಿದುಕೊಳ್ಳುವ ರಿಲೇ. ಇಷ್ಟು ಸೇರಿದರೆ ಒಂದು ಮ್ಯಾಕ್ರೋಸೆಲ್ಲು. ಅಂಥವು ಅರವತ್ತನಾಲ್ಕು, ನಡುವೆ ಯಾರಿಂದ ಯಾರಿಗೆ ಬೇಕಾದರೂ ತಂತಿ ಹೋಗುವ ಜಾಲ. "ಇಷ್ಟೇನಾ?" ಎಂದ ಅವನು. "ಇಷ್ಟೇ ಸಾರ್. ನಿಮ್ಮ ಬೀರುವನ್ನೇ ಚಿಕ್ಕದು ಮಾಡಿದ್ದಾರೆ." ಅವನು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಗೆರೆಯ ಮೇಲೆ ಹೋದ. ಎಲ್ಲ ಗುರುತಿನವರೇ. ಕಾಂಟ್ಯಾಕ್ಟು ಎಲ್ಲಿದೆ ಎಂದು ಕೇಳಿದ್ದು ದಡ್ಡ ಪ್ರಶ್ನೆಯಾಗಿರಲಿಲ್ಲ. ಒಂದು ವರ್ಷ ತಲೆ ತಗ್ಗಿಸಿ ಓಡಾಡಿದ್ದು ಸರಿಯಾದ ಪ್ರಶ್ನೆ ಕೇಳಿದ ತಪ್ಪಿಗೆ ಎಂದು ಹೊಳೆದಾಗ ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆದರೆ ಮಾತು ಬೇರೆ, ಸಾಬೀತು ಬೇರೆ. ಅದೇ ಬಗೆಯ ಇನ್ನೊಂದು ಬೋರ್ಡನ್ನು ಮೇಜಿನ ಮೇಲಿಟ್ಟು, ಗುಂಡಿ, ಬಾಗಿಲು, ಅಚ್ಚುಗಳ ಬದಲು ಪುಟ್ಟ ಸ್ವಿಚ್ಚುಗಳನ್ನು ಕಟ್ಟಿ, ಓಡುವ ಅಪ್ಪಣೆಯ ತಂತಿಗೆ ಸ್ಕೋಪಿನ ಮೊನೆ ಚುಚ್ಚಿದರು. ಕಣ್ಣಿಗೆ ಕಾಣದಷ್ಟು ಬೇಗ ಆಗುವುದನ್ನು ಗೆರೆ ಎಳೆದು ತೋರಿಸುವ ಪರದೆ ಅದು. ಏರಿಳಿತದ ಸ್ವಿಚ್ಚನ್ನು ಅವನು ಹಾಕಿ ತೆಗೆದು ಮಾಡಿದ. ಗೆರೆ ಅಲುಗಲಿಲ್ಲ. ನಲವತ್ತು ಸಲ ಮಾಡಿದ, ಮದುವೆಮನೆಯ ಚಾಪೆಯಂತೆ ಗೆರೆ ನೇರವಾಗಿ ಬಿದ್ದುಕೊಂಡಿತ್ತು. ಹನ್ನೆರಡೂವರೆ ಆಯಿತು. ಮ್ಯಾನೇಜರ್ ಬಾಗಿಲಲ್ಲಿ ಇಣುಕಿ, "ಏನ್ರೀ ಕಾಂಟ್ಯಾಕ್ಟು, ನೆಂಟಸ್ತಿಕೆ ಎಳೀತಾ ಇದೆಯಾ? ನನಗೂ ಪಾಪ ಅನ್ಸುತ್ತೆ. ಆದ್ರೆ ನೀವೇ ನೋಡಿ, ಹದಿನೇಳಕ್ಕೆ ಹದಿನೇಳೂ ಮಧ್ಯಾಹ್ನದ ಮೇಲೇನೇ. ಊಟ ಆದ್ಮೇಲೆ ತೂಕಡಿಕೆ, ಇನ್ನೇನು?" ಎಂದು ಹೇಳಿ ಹೋದ. ಕೆಟ್ಟ ಮನುಷ್ಯನೇನಲ್ಲ, ಯಂತ್ರ ಬರೆದದ್ದನ್ನು ನಂಬಿದವನು. ಇವನು ಸ್ವಿಚ್ಚಿನಿಂದ ಕೈ ತೆಗೆದ. ಅರ್ಧ ಜೀವಮಾನದ ತಿಳಿವಳಿಕೆ ಮರಳಿ ಸಿಕ್ಕಿತೆಂದು ಬೀಗಿ ಒಂದು ಗಂಟೆಯಾಗಿರಲಿಲ್ಲ. ಅವಳ ಕೈ ನಿಜವಾಗಿಯೂ ಏಳುತ್ತಿರಬಹುದೇ? ಹಾಗಿದ್ದರೆ ನಾನು ತಪ್ಪಿತಸ್ಥನಲ್ಲ ಎಂಬ ಯೋಚನೆ ಬಂದು, ಅದರ ಹಿಂದೆಯೇ ಒಂದು ಚೂರು ಹಾಯೆನಿಸಿ, ಆ ಹಾಯೆನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಧ್ಯಾಹ್ನ. ಅವಳೂ ಒಂದು ದಿನ ಹೇಳಿದ್ದಳು, ಬಟ್ಟೆ ಮಡಿಸುತ್ತ: "ಮಧ್ಯಾಹ್ನ ಆ ಕಿಟಕಿ ಬಿಸಿಲು ಸೀದಾ ಯಂತ್ರದ ಮೇಲೇ ಬೀಳುತ್ತೆ ಭಾವ, ಮುಟ್ಟಿದ್ರೆ ಬಾಣಲೆ ಮುಟ್ಟಿದ ಹಾಗಿರುತ್ತೆ."

"ಬಿಸಿ ಮಾಡಮ್ಮ" ಎಂದ ಅವನು.

"ಏನು ಸಾರ್?"

"ಚಿಪ್ನ. ಬಿಸಿಯಾದ್ರೆ ಕೊಡೋರು, ತಗೊಳ್ಳೋರು ಒಬ್ಬೊಬ್ಬರು ಒಂದೊಂದು ಥರ ನಿಧಾನ ಆಗ್ತಾರೆ ಅಲ್ವಾ?" ಆಕೆ ಅವನ ಮುಖ ನೋಡಿದಳು, ಬಿಸಿಗಾಳಿ ಊದುವ ಗನ್ನು ತಂದು ಚಿಪ್ಪಿನ ಮೇಲೆ ಹಿಡಿದಳು. ಕೋಣೆಯಲ್ಲಿ ಕಾದ ಅಂಟಿನ ವಾಸನೆ ಹರಡಿತು. ಅವನು ಸ್ವಿಚ್ಚು ಹಾಕಿದ, ತೆಗೆದ. ಹಾಕಿದ, ತೆಗೆದ. ಒಂಬತ್ತನೆಯ ಸಲ ನೇರ ಗೆರೆಯಲ್ಲಿ ಒಂದು ಹಳ್ಳ ಕಾಣಿಸಿತು. ಕೂದಲೆಳೆಯಷ್ಟು ಸಣ್ಣದು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಆರು ಚೂರು ಎಂದಳು ಡಿಸೈನರ್, ಪಿಸುಮಾತಿನಲ್ಲಿ. ಅಷ್ಟು ಹೊತ್ತು ಅಪ್ಪಣೆ ಬಿದ್ದುಹೋಗುತ್ತದೆ, ಒಮ್ಮೆ ಬಿದ್ದ ಅಪ್ಪಣೆ ತಾನಾಗಿ ಮತ್ತೆ ಏಳಬಾರದೆಂಬುದು ಸುರಕ್ಷತೆಯ ನಿಯಮ, ಯಂತ್ರ ನಿಲ್ಲುತ್ತದೆ. ಬಾಗಿಲು ಮುಚ್ಚಿದ್ದೂ ನಿಂತಿತೆಂದರೆ ಚಿಪ್ಪಿಗೆ ಗೊತ್ತಿದ್ದ ಕಾರಣ ಒಂದೇ, ಕೈ ಎತ್ತಿದ್ದು, ಅದನ್ನೇ ಬರೆದಿಡುತ್ತಿತ್ತು. ಗುಡ್ಡ ಅಗೆದು ಇಲಿ ಹಿಡಿದರೆ ಜನ ನಗುತ್ತಾರೆ. ಆ ಇಲಿಯನ್ನು ನೋಡಿ ಅವನಿಗೆ ಕೈಮುಗಿಯಬೇಕೆನಿಸಿತು. ಆಕೆ ಮೂರನೆಯ ಸಾಲಿನ ಪಕ್ಕ 'ಇದನ್ನು ತೆಗೆಯಬೇಡ' ಎಂಬ ಗುರುತು ಹಾಕಿ, ಚಿಪ್ಪಿಗೆ ಮತ್ತೆ ಇಳಿಸಿ, ಮತ್ತೆ ಬಿಸಿ ಮಾಡಿದಳು. ಇನ್ನೂರು ಸಲ ಸ್ವಿಚ್ಚು ಹಾಕಿ ತೆಗೆದರೂ ಹಳ್ಳ ಬರಲಿಲ್ಲ. ಅವನಿಗೆ ವಿಪರೀತ ಹಸಿವಾಯಿತು.

ಮ್ಯಾನೇಜರ್ ಬಂದು ಎರಡು ಗೆರೆಗಳನ್ನೂ ನೋಡಿದ. "ಅಂದ್ರೆ ಆಯಮ್ಮ ಕೈ ಎತ್ತೇ ಇಲ್ಲ?" "ಒಂದ್ಸಲಾನೂ ಇಲ್ಲ ಸಾರ್" ಎಂದಳು ಡಿಸೈನರ್, "ತಪ್ಪು ನಂದು. ಕೊನೇ ವರದಿ ನಾನು ಓದ್ಲಿಲ್ಲ, ಇವರು ಸಹಿ ಹಾಕಿದಾರಲ್ಲ ಅಂತ ಬಿಟ್ಟೆ." ಡಿಸೈನ್ ಮಾಡಿದವಳು ಅವಳಲ್ಲವೇ ಎಂದು ಇವನು ಸಹಿ ಹಾಕಿದ್ದ. "ನಾನು ಮೊದಲೇ ನೋಡಿದ್ದೆ" ಎಂದ ಅವನು. ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಆಡಿದ ಮಾತು ಅದು, ಅಷ್ಟರಲ್ಲಿ ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ಆಚೆಗೆ ನಡೆದಿದ್ದ, ಪತ್ರ ಬೇಡ, ಹರಿದುಹಾಕಿ ಎಂದು ಯಾರಿಗೋ ಹೇಳುತ್ತಿದ್ದ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡಿಸೈನರ್ ತಿದ್ದುಪಡಿಯ ಫಾರಂ ಮುಂದಿಟ್ಟಳು. 'ದೋಷ ಮೊದಲು ಕಂಡ ದಿನ' ಎಂಬಲ್ಲಿ ಆಕೆ ಇವತ್ತಿನ ತಾರೀಖು ಬರೆಯಹೊರಟಾಗ ಅವನು ಪೆನ್ನು ಇಸಿದುಕೊಂಡು ಆರು ವಾರದ ಹಿಂದಿನ ತಾರೀಖು ಬರೆದ. ಅದರ ಕೆಳಗೆ, ಕಂಡವರು: ನಾನು, ಎಂದು ಬರೆದು ಸಹಿ ಹಾಕಿದ. ಏನು ಬೇಕಾದರೂ ಆಗಲಿ. ಆ ಸಹಿ ಹಾಕುವಾಗ, ಎಷ್ಟೋ ತಿಂಗಳ ಮೇಲೆ, ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಅವನಿಗೆ ಪೂರ್ತಿ ಗೊತ್ತಿತ್ತು.

ನಾದಿನಿಯನ್ನು ಮೂರು ದಿನದಿಂದ ಲೇಬಲ್ ಅಂಟಿಸುವ ಕೋಣೆಯಲ್ಲಿ ಕೂರಿಸಿದ್ದರು. ಅವನು ಹೋದಾಗ ಒಬ್ಬಳೇ ಇದ್ದಳು. ರಟ್ಟಿನ ಪೆಟ್ಟಿಗೆಗೆ ಒಂದು ಲೇಬಲ್ ಅಂಟಿಸಿ, ಎರಡೂ ಅಂಗೈ ಅದರ ಮೇಲಿಟ್ಟು, ಹಾಗೇ ಕಾಯುತ್ತಿದ್ದಳು. "ಪತ್ರ ತಂದ್ರಾ ಭಾವ?" ಎಂದಳು ತಲೆಯೆತ್ತದೆ. ಪತ್ರವಿಲ್ಲ ಎಂದ. ಕೂಸಿನ ಮಾತು, ಮೂರು ಸಾಲು, ಬಿಸಿಲು, ಹಳ್ಳ, ಎಲ್ಲ ಹೇಳಿದ. ಅಷ್ಟು ಚೆನ್ನಾಗಿ ಅವನು ಯಾರಿಗೂ ಏನನ್ನೂ ವಿವರಿಸಿರಲಿಲ್ಲ. ಅವಳು ಒಂದೊಂದೂ ತಿಳಿಯಿತೆಂದು ತಲೆಯಾಡಿಸಿದಳು, ನಿಜವಾಗಿ ತಿಳಿದು ಆಡಿಸಿದ ತಲೆ ಅದು. ಬಿಸಿಲು ಬೀಳುತ್ತೆ ಅಂತ ನೀನು ಹೇಳದೇ ಇದ್ದಿದ್ದರೆ ಸಿಗುತ್ತಲೇ ಇರಲಿಲ್ಲ ಎಂದಾಗ ಅವಳು ಮುಖವೆತ್ತಿ ನೋಡಿದಳು. ಇಲ್ಲಿಗೆ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ.

"ಒಂದು ಸಾಲು ಇಲ್ಲ ಅಂತ ನನಗೆ ಆವತ್ತೇ ಕಂಡಿತ್ತು. ಸಹಿ ಹಾಕೋ ದಿನ."

"ಯಾವತ್ತು?"

"ಆರು ವಾರ ಆಯ್ತು. ಕೇಳಿದ್ರೆ ಮತ್ತೆ ನಗ್ತಾರೆ ಅಂತ ಸುಮ್ನಾದೆ."

ಅವಳ ಕೈಗಳು ಲೇಬಲ್ಲಿನ ಮೇಲೇ ಇದ್ದವು. "ನಾನು ಡಾಕ್ಟರ ಹತ್ರ ಹೋದಾಗ ಬಸ್ಸಿಗೆ ಹತ್ತಿಸಿದೋರು ನೀವೇ ಭಾವ" ಎಂದಳು. ಹೌದು ಎಂದ. ಬಯ್ಯಲಿ, ಮನೆ ಬಿಟ್ಟು ಹೋಗುತ್ತೇನೆನ್ನಲಿ, ಅಕ್ಕನಿಗೆ ಹೇಳಲಿ, ಯಾವುದಾದರೂ ಆಗಲಿ ಎಂದು ಕೈಕಟ್ಟಿ ನಿಂತ. ಆರು ವಾರದಲ್ಲಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡುತ್ತಿದ್ದ.

ಅವಳು ಕೈಗಳನ್ನೊಮ್ಮೆ ನೋಡಿಕೊಂಡಳು. ಆಮೇಲೆ ಬಲಗೈ ಎತ್ತಿ, ಮೇಜಿನ ಈಚೆಯಿಂದಲೇ, ಅವನ ತೋಳಿನ ಮೇಲೆ ಫಟ್ಟೆಂದು ಒಂದು ಬಿಟ್ಟಳು. ಚುರ್ರೆನ್ನುವಂತೆ ಬಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಇದು ನಾನೇ ಎತ್ತಿದ್ದು" ಎಂದಳು. "ಬೇಕಾದ್ರೆ ಬರ್ಕೊಳ್ಳಿ."

ಅವನು ತೋಳು ಉಜ್ಜಿಕೊಳ್ಳುತ್ತ ಅವಳ ಎದುರಿನ ಸ್ಟೂಲ್ ಎಳೆದು ಕೂತ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಎಡಗೈಯೊಂದರಲ್ಲೇ ಮುಂದಿನ ಲೇಬಲ್ ಎತ್ತಿ, ನೋಡದೆಯೇ ಅಂಟಿಸಿ, ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದಳು.